ಮಿಲಿಟ್ರಿ ಅಜ್ಜನ ಎಡೆಗೆ ಏನು ಬಡಿಸುವುದು?

ನಮ್ಮ ಮಾವನ ನಾಲಿಗೆಯನ್ನು ನಂಬಬಹುದು. ಮಾವನನ್ನು ಮಾತ್ರ ನಂಬಬಾರದು. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ! ನಾಲ್ಕು ವರ್ಷ ನನ್ನ ಭಾನುವಾರಗಳನ್ನೆಲ್ಲ ಅವನಿಗೆ ಒಪ್ಪಿಸಿ, ಈಗ ಚಾಪೆಯ ಮೇಲೆ ಕಾಲು ಚಾಚಿಕೊಂಡು ಕೂತು ಹೇಳುತ್ತಿದ್ದೇನೆ, ಅಷ್ಟೇ.

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಶೇಂಗಾ ಸ್ಯಾಂಪಲ್ ನೋಡಿದವನು ಅವನು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು, ಸಿಪ್ಪೆ ಬಿಡಿಸಿ, ಎರಡು ಬೀಜ ಬಾಯಿಗೆ ಎಸೆದುಕೊಂಡು ಕಣ್ಣು ಮುಚ್ಚಿ ಅಗಿದನೆಂದರೆ ಮುಗಿಯಿತು. ಬೀಜದಲ್ಲಿ ಹಸಿ ಎಷ್ಟಿದೆ, ಎಣ್ಣೆ ಎಷ್ಟು ಬಿಟ್ಟೀತು, ಕೆಂಪು ನೆಲದ್ದೋ ಎರೆ ನೆಲದ್ದೋ, ತೂಕ ಹೆಚ್ಚಲಿ ಅಂತ ಯಾರಾದರೂ ನೀರು ಚಿಮುಕಿಸಿದ್ದಾರೋ, ಎಲ್ಲ ಹೇಳುತ್ತಿದ್ದ. ಉಳಿದ ಬೀಜವನ್ನು ಅಂಗೈಯಗಲದ ತಕ್ಕಡಿಯಲ್ಲಿ ತೂಗಿ ನೋಡಿದರೆ ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು. ಹೀಗಾಗಿ ಅವನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತು. ಲೋಕದಲ್ಲಿ ಯಾವ ವಿಷಯದ ನಿಜ ತಿಳಿಯಬೇಕಾದರೂ ದಾರಿ ಎರಡೇ. ಒಂದು ಅಗಿಯುವುದು, ಇನ್ನೊಂದು ತೂಗುವುದು. ಉಳಿದದ್ದೆಲ್ಲ ಬಾಯಿಮಾತು. ಮಿಲ್ಲಿನಿಂದ ಮಾವ ನಿವೃತ್ತನಾದ. ಅವನ ನಂಬಿಕೆ ನಿವೃತ್ತಿಯಾಗಲಿಲ್ಲ.

ಮಾವ ಎಂದರೆ ನಮ್ಮವ್ವನ ತಮ್ಮ, ನನ್ನ ಖಾಸಾ ಸೋದರಮಾವ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಅವನು ನನಗಿಂತ ಹದಿನೆಂಟು ವರ್ಷ ದೊಡ್ಡವನಾದ್ದರಿಂದ ನಾನು ಪಾರಾದೆ, ಅತ್ತೆ ಸಿಕ್ಕಿಬಿದ್ದರು. ಈಗಲೂ ಕೆಲವು ಸಲ ಅತ್ತೆ ಒಲೆಯ ಮುಂದೆ ಕೂತು ನನ್ನನ್ನೇ ಒಂದು ಥರ ದಿಟ್ಟಿಸುತ್ತಾರೆ. ಅದರ ಅರ್ಥ ನನಗೆ ಗೊತ್ತು. ಆದರೆ ನಾನು ಪಾರಾದೆನೆಂದು ತಿಳಿದದ್ದೇ ತಪ್ಪು. ನಾನು ಅದೇ ಊರಿನಲ್ಲಿ ಪ್ರಾಥಮಿಕ ಶಾಲೆಯ ಮೇಡಂ. ಮನೆ ಅವನ ಮನೆಯಿಂದ ಎರಡು ಬೀದಿ ಆಚೆ. ನನ್ನ ಹತ್ತಿರ ಒಂದು ಸ್ಕೂಟರ್ ಇದೆ, ಒಂದು ಒಳ್ಳೆಯ ಮೊಬೈಲ್ ಇದೆ, ಭಾನುವಾರ ರಜೆ ಇದೆ. ಮಾವನ ಸಂಶೋಧನೆಗೆ ಬೇಕಾದದ್ದು ಸರಿಯಾಗಿ ಈ ಮೂರೇ.

ಇನ್ನು ಸಂಶೋಧನೆಯ ವಿಚಾರ. ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಹೊಟ್ಟೆಯಲ್ಲಿದ್ದಾಗಲೇ ಅವಳ ಅಪ್ಪ ಮಿಲಿಟರಿ ಸೇರಿ ಹೋದ. ಎರಡನೇ ಮಹಾಯುದ್ಧದ ಕಾಲ. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದಿಂದ ನಡೆದುಕೊಂಡು ರಾಯದುರ್ಗಕ್ಕೆ ಹೋಗಿ ರೈಲು ಹತ್ತಿದನಂತೆ. ಬರ್ಮಾಕ್ಕೆ ಹೋದವನು ವಾಪಸು ಬರಲಿಲ್ಲ. ಒಂದು ಕಾಗದ ಬಂತು. ಯಾರೋ ಓದಿ ಹೇಳಿದರು. ಅವನ ಹೆಂಡತಿ ಅದನ್ನು ನಂಬಲೇ ಇಲ್ಲ. ಅವಳು ಬದುಕಿರುವವರೆಗೆ ಅವನ ಹೆಸರಿನಲ್ಲಿ ಎಡೆ ಇಡಗೊಡಲಿಲ್ಲ. ಬದುಕಿರುವವನಿಗೆ ಎಡೆ ಇಡುತ್ತಾರಾ ಎಂದು ಬೈದು ಕಳಿಸುತ್ತಿದ್ದಳಂತೆ. ಅವಳು ತೀರಿಕೊಂಡ ಮೇಲೆ, ಇದ್ದೊಬ್ಬ ಮಗಳಾದ ನಮ್ಮಜ್ಜಿ ಎಡೆ ಇಡಲು ಶುರು ಮಾಡಿದಳು. ಮನೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಮಿಲಿಟ್ರಿ ಅಜ್ಜ ಅಂತ. ಅಜ್ಜಿ ಮಾತ್ರ ಅವರವ್ವ ಹೇಳುತ್ತಿದ್ದಂತೆ "ಮಿಲಿಟ್ರಿಯೋರು" ಅನ್ನುತ್ತಾಳೆ. ನೀರಿನ ನಲ್ಲಿಯ ಹತ್ತಿರ ಜಗಳವಾದರೆ ಅವಳ ಕೊನೆಯ ಅಸ್ತ್ರವೂ ಅದೇ: "ನಮ್ಮನೆ ಮಿಲಿಟ್ರಿಯೋರು ಕೋವಿ ಹಿಡಿದೋರು, ತಿಳ್ಕಾ."

ಹಿರಿಯರಿಗೆ ಎಡೆ ಇಡುವುದು ಮಹಾಲಯ ಅಮಾವಾಸ್ಯೆಯ ದಿನ. ನಾವು ಪಕ್ಷ ಅನ್ನುತ್ತೇವೆ. ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಸಿ, ಮಾಡಿದ ಅಡುಗೆಯನ್ನೆಲ್ಲ ಬಡಿಸಿ, ಜೊತೆಗೆ ಸತ್ತವರಿಗೆ ಏನು ಪ್ರೀತಿಯೋ ಅದನ್ನು ಇಡಬೇಕು. ನಮ್ಮ ತಾತನಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ. ಮಿಲಿಟ್ರಿ ಅಜ್ಜನ ಹೆಂಡತಿಗೆ ಎಲೆ ಅಡಿಕೆ, ಹೊಗೆಸೊಪ್ಪು. ಒಬ್ಬ ಚಿಕ್ಕಜ್ಜನಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಸಮೇತ. ಆಮೇಲೆ ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡು ನಿಲ್ಲುವುದು. ಹಿರಿಯರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಉಣ್ಣುತ್ತಿರುವವರ ಎದುರಿಗೆ ದಿಢೀರನೆ ಹೋಗಿ ನಿಲ್ಲಬಾರದಲ್ಲ. ಸತ್ತವರಾದರೇನು, ಅವರಿಗೂ ಸಂಕೋಚ ಇರುತ್ತದೆ.

ಈ ಸಾಲಿನಲ್ಲಿ ಮಿಲಿಟ್ರಿ ಅಜ್ಜನ ಎಲೆ ಒಂದೇ ಬಡವಾಗಿರುತ್ತಿತ್ತು. ಅವನಿಗೆ ಏನು ಇಷ್ಟ ಎಂದು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಹೇಳದೆ ಹೋದಳು. ಬದುಕಿರುವವನ ವಿಚಾರ ಎಡೆಗೆ ಯಾಕೆ ಹೇಳಬೇಕು? ನಾಲ್ಕು ವರ್ಷದ ಹಿಂದೆ ಅಜ್ಜಿಗೆ ಜ್ವರ ಬಂದು ಹದಿನೈದು ದಿನ ಮಲಗಿದಳು. ಎದ್ದ ಮೇಲೆ ಮಗನನ್ನು ಕರೆದು ಕೂರಿಸಿಕೊಂಡಳು.

"ನಂಗೆ ಎಂಬತ್ತು ದಾಟ್ತು ಕಣೋ. ನಾನು ಹೋಗೋದ್ರೊಳಗೆ ಒಂದ್ಸಲನಾದ್ರೂ ಮಿಲಿಟ್ರಿಯೋರಿಗೆ ಇಷ್ಟ ಆಗಿದ್ದು ಇಡಬೇಕು. ವರ್ಷಾ ವರ್ಷಾ ಬಂದು ಎಲೆ ನೋಡಿ ಹಂಗೇ ಎದ್ದು ಹೋಗ್ತಾರೇನೋ ಅನ್ನಿಸ್ತೈತೆ ನಂಗೆ."

ಅಷ್ಟು ಸಾಕಾಯಿತು. ನಿವೃತ್ತಿಯಾಗಿ ಕೆಲಸವಿಲ್ಲದೆ ಕೂತಿದ್ದ ನಾಲಿಗೆ ಎದ್ದು ನಿಂತಿತು.

ಜನ ಯುದ್ಧದಲ್ಲಿ ಸತ್ತ ತಾತ ಮುತ್ತಾತಂದಿರನ್ನು ಹುಡುಕುವುದು ನನಗೂ ಗೊತ್ತು. ಎಲ್ಲಿ ಹೋರಾಡಿದರು, ಯಾವ ಪಲ್ಟನ್, ಪದಕ ಬಂತಾ, ಸಮಾಧಿ ಎಲ್ಲಿದೆ, ಇವನ್ನು ಹುಡುಕುತ್ತಾರೆ. ಅವನು ಏನು ತಿನ್ನುತ್ತಿದ್ದ ಎಂದು ಹುಡುಕಲು ಹೊರಟವನು ನಮ್ಮ ಮಾವ ಒಬ್ಬನೇ ಇರಬೇಕು.

ಮೊದಲ ವರ್ಷ ಅವನು ಸುಲಭದ ದಾರಿ ಹಿಡಿದ. "ಮಿಲಿಟ್ರಿ ಅಂದ್ಮೇಲೆ ರಮ್ಮು ಇಲ್ದೆ ಇರ್ತೈತಾ?" ಎಂದು ಒಂದು ಚಿಕ್ಕ ಬಾಟಲಿ ತಂದು ಎಲೆಯ ಪಕ್ಕ ನಿಲ್ಲಿಸಿದ. ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು ಬಂದಳು. ಅವರ ಮನೆಯಲ್ಲಿ ಯಾರೂ ಮುಟ್ಟಿದವರಲ್ಲವಂತೆ. ಆ ವಾರ ಪೂರ್ತಿ ಅತ್ತೆಯ ಒಗ್ಗರಣೆ ಒಂದು ಥರ ಇತ್ತು ಎಂದು ಮಾವ ಹೇಳುತ್ತಾನೆ. ನಾಲಿಗೆಯ ವಿಷಯವಾದ್ದರಿಂದ ನಾನು ವಾದ ಮಾಡಲಿಲ್ಲ.

ಎರಡನೇ ವರ್ಷ ಶಾಸ್ತ್ರೀಯವಾಗಿ ಇಳಿದ. ಮಿಲಿಟ್ರಿ ಅಜ್ಜನ ಎಲೆಯ ಮೇಲೆ ಆರು ದೊನ್ನೆ. ಬೇಯಿಸಿದ ಮೊಟ್ಟೆ, ಕೋಳಿ ಸಾರಿನ ತುಂಡು, ಒಣಮೀನು, ಹೋಳಿಗೆ, ಬಿಸ್ಕತ್ತು, ಹುರಿದ ಶೇಂಗಾ. ಪ್ರತಿಯೊಂದನ್ನೂ ತಕ್ಕಡಿಯಲ್ಲಿ ತೂಗಿ ನನ್ನ ಕೈಯಲ್ಲಿ ಬರೆಸಿದ. ಬಾಗಿಲು ಹಾಕಿಕೊಂಡು ಹೊರಗೆ ನಿಂತೆವು. ಒಳಗೆ ಹೋಗಿ ಮತ್ತೆ ತೂಗುವುದಂತೆ. ಯಾವುದರ ತೂಕ ಇಳಿದಿದೆಯೋ ಅದೇ ಅಜ್ಜನಿಗೆ ಇಷ್ಟ. ಇಷ್ಟು ವಯಸ್ಸಾದ ಮನುಷ್ಯ ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತಿದ್ದನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗುವುದಕ್ಕೂ ಆಗ ಸುಸ್ತಾಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ಹೋಳಿಗೆ ಲಟ್ಟಿಸಿದ್ದೆ.

ಬಾಗಿಲು ತೆಗೆದು ತೂಗಿದರೆ, ಒಣಮೀನು ಹನ್ನೊಂದು ಗ್ರಾಂ ಕಮ್ಮಿ!

"ನೋಡೇ ಹುಡುಗಿ, ಹನ್ನೊಂದು ಗ್ರಾಂ! ನಮ್ಮಜ್ಜ ಮೀನು ತಿನ್ನೋನು. ಬರ್ಮಾದಾಗೆ ಕಲ್ತಿರ್ತಾನೆ." ಮಾವನ ಕಣ್ಣಲ್ಲಿ ನೀರು. ಅಷ್ಟರಲ್ಲಿ ಅಕ್ಕಿ ಮೂಟೆಯ ಹಿಂದಿನಿಂದ ಪಕ್ಕದ ಮನೆಯ ಕಂದು ಬೆಕ್ಕು ಮೀಸೆ ನೆಕ್ಕುತ್ತ ಹೊರಗೆ ಬಂತು. ನಾವೆಲ್ಲ ಅದನ್ನು ನೋಡಿದೆವು. ಅದೂ ನಮ್ಮನ್ನು ನೋಡಿತು.

ಮಾವ ಸೋಲೊಪ್ಪುವವನಾ? "ಹಿರಿಯರು ಯಾವ ರೂಪದಾಗೆ ಬರ್ತಾರೋ ಹೆಂಗೆ ಹೇಳೋದು" ಅಂದ. ಆ ಬೆಕ್ಕಿಗೆ ಒಂದು ವಾರ ರಾಜೋಪಚಾರ ನಡೆಯಿತು. ಎಂಟನೇ ದಿನ ಅತ್ತೆ ಅಡುಗೆಮನೆಯಿಂದಲೇ ಕೂಗಿದರು, "ಏನ್ರೀ, ನಿಮ್ಮಜ್ಜ ಹಾಲಿನ ಪಾತ್ರೆಗೆ ಬಾಯಿ ಹಾಕವ್ರೆ, ಬಂದು ಕರ್ಕಂಡು ಹೋಗ್ರಿ." ಅವತ್ತೇ ತಕ್ಕಡಿಯನ್ನು ಅತ್ತೆ ಕಿತ್ತುಕೊಂಡು ತಮ್ಮ ತವರಿಗೆ ಕಳಿಸಿಬಿಟ್ಟರು. ತೂಗುವ ಅಧ್ಯಾಯ ಅಲ್ಲಿಗೆ ಮುಗಿಯಿತು.

ಮನೆಯೊಳಗೆ ಆಗದ ಸಂಶೋಧನೆ ಮನೆಯಿಂದ ಹೊರಗೆ ಕಾಲಿಟ್ಟಿತು. ಹೊರಗೆ ಎಂದರೆ ನನ್ನ ಹೆಗಲ ಮೇಲೆ. ಮಾಜಿ ಸೈನಿಕರ ವಿಚಾರ ನೋಡಿಕೊಳ್ಳುವ ಒಂದು ಕಚೇರಿಗೆ ಹೋಗಲು ಅರ್ಧ ದಿನ ರಜೆ ಹಾಕಿಸಿದ. ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಬೆಂಚಿನ ಮೇಲೆ ಎರಡು ಗಂಟೆ ಕಾದು, ಒಳಗೆ ಹೋದೆವು. ಗುಮಾಸ್ತರು ತಲೆ ಎತ್ತದೆ ಕೇಳಿದರು.

"ಪಿಂಚಣಿನಾ?"

"ಬ್ಯಾಡ ಸಾರ್."

"ಜಮೀನಾ?"

"ಅದೂ ಬ್ಯಾಡ ಸಾರ್."

ಗುಮಾಸ್ತರು ತಲೆ ಎತ್ತಿದರು. ಆ ಕಚೇರಿಗೆ ಏನೂ ಬೇಡದೆ ಬಂದ ಮನುಷ್ಯನನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ. "ಮತ್ತೇನ್ ಬೇಕ್ರಿ ನಿಮ್ಗೆ?"

"ನಮ್ಮಜ್ಜ ಯುದ್ಧದಾಗೆ ತೀರ್ಕಂಡ ಸಾರ್. ಅವನು ಏನು ಉಣ್ತಿದ್ದ, ಏನು ಅಂದ್ರೆ ಪ್ರೀತಿ, ಅಷ್ಟು ಗೊತ್ತಾದ್ರೆ ಸಾಕು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದೆ. ಸುಮಾರು ಹೊತ್ತು ಯೋಚನೆ ಮಾಡಿ, ಬಹಳ ಮರ್ಯಾದೆಯಿಂದ ಹೇಳಿದರು, "ಇದು ನಮ್ಗೆ ಬರಲ್ಲ ಯಜಮಾನ್ರೇ. ಆಹಾರ ಇಲಾಖೆ ಕೇಳಿ ನೋಡ್ರಿ." ಮಾವ ನಿಜವಾಗಿಯೂ ಆಹಾರ ಇಲಾಖೆಯ ಕಡೆ ತಿರುಗಿದ. ಅವನ ಅಂಗಿ ಹಿಡಿದೆಳೆದು ಬಸ್ ಹತ್ತಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಆಮೇಲೆ ಸಿದ್ದಾಪುರ. ಅಲ್ಲಿ ತೊಂಬತ್ತೈದು ದಾಟಿದ ಮುದುಕರೊಬ್ಬರಿದ್ದಾರೆ, ಆ ಕಾಲದ್ದೆಲ್ಲ ಗೊತ್ತು ಎಂದು ಯಾರೋ ಹೇಳಿದ್ದರು. ಮೊಳಕಾಲ್ಮೂರಿನ ಕಡೆಯ ಬಸ್ಸು, ಅಲ್ಲಿಂದ ಆಟೊ, ಅಲ್ಲಿಂದ ಕಲ್ಲುಗುಡ್ಡದ ಪಕ್ಕ ನಡಿಗೆ. ಹಾದಿಯಲ್ಲಿ ಅಶೋಕನ ಶಾಸನದ ಬೋರ್ಡು ಕಂಡು ಮಾವ ನಿಂತ. "ಈ ಪುಣ್ಯಾತ್ಮ ಯುದ್ಧ ಮುಗಿಸ್ಕಂಡು ಬಂದು ಬಂಡೆ ಮ್ಯಾಲೆ ಬರೆಸ್ದ. ನಮ್ಮಜ್ಜ ಒಂದು ಚೀಟಿನಾದ್ರೂ ಬರೆದಿಟ್ಟಿದ್ರೆ ಈ ಬಿಸ್ಲಾಗೆ ನಿನ್ನ ನಡೆಸ್ತಿರ್ಲಿಲ್ಲ." ನಮ್ಮಜ್ಜನಿಗೆ ಬರೆಯಲು ಬರುತ್ತಿತ್ತೋ ಇಲ್ಲವೋ ಎಂಬುದೂ ಯಾರಿಗೂ ಗೊತ್ತಿಲ್ಲ ಎಂದು ನಾನು ಹೇಳಲಿಲ್ಲ. ಬಾಯಿ ಒಣಗಿತ್ತು.

ಮುದುಕರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಮಾವ ಅವರ ಕಾಲು ಮುಟ್ಟಿ, ಅಜ್ಜನ ಹೆಸರು ಹೇಳಿ, ಗೊತ್ತಾ ಎಂದ. "ಅವುನು" ಅಂದರು, ತೆಲುಗಿನಲ್ಲಿ, ಹೌದು ಅಂತ. ಮಾವ ನನ್ನ ತೋಳು ಹಿಂಡಿದ.

"ಮುದ್ದೆ ಅಂದ್ರೆ ಇಷ್ಟ ಇತ್ತಾ ಅವಂಗೆ?"

"ಅವುನು."

"ಅನ್ನ?"

"ಅವುನು."

"ಹುರುಳಿಕಾಳು ಸಾರು? ಕಡುಬು? ಜೇನು?"

ಮೂರಕ್ಕೂ ಅವುನು. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನಾಲ್ಕನೇ ಪದಾರ್ಥಕ್ಕೆ ಬಂದಾಗ ನನಗೆ ಅನುಮಾನ ಬಂದು, "ತಾತಾ, ಅವ್ರು ಮಣ್ಣು ತಿಂತಿದ್ರಾ?" ಎಂದು ಕೇಳಿದೆ. ಮುದುಕರು ನನ್ನ ಕಡೆ ಪ್ರೀತಿಯಿಂದ ನೋಡಿ, "ಅವುನು" ಅಂದರು. ಅಷ್ಟರಲ್ಲಿ ಅವರ ಸೊಸೆ ಮಜ್ಜಿಗೆ ತಂದಳು. "ಅಣ್ಣಾ, ಮಾ ಮಾಮಕಿ ಚೆವುಡು. ಕಿವಿ ಏನೂ ಕೇಳ್ಸಲ್ಲ. ಓಟು ಕೇಳಾಕೆ ಬಂದ ಮೂರು ಪಾರ್ಟಿಯೋರ್ಗೂ ಹಿಂಗೇ ಅಂದು ಕಳಿಸವ್ರೆ." ಹೋಗಲಿ, ಬರೆದು ತೋರಿಸಿ ಕೇಳೋಣವೆಂದರೆ, ಅವರು ಆ ಊರಿನವರೇ ಅಲ್ಲವಂತೆ, ಮದುವೆಯಾದ ಮೇಲೆ ರಾಯದುರ್ಗದ ಕಡೆಯಿಂದ ಬಂದವರಂತೆ. ಮಾವ ಮಜ್ಜಿಗೆ ಕುಡಿದು, ಕಣ್ಣು ಮುಚ್ಚಿ, "ಎಮ್ಮೆ ಹಾಲಿಂದು. ಹಿಂಡಿ ಕಮ್ಮಿ ಹಾಕ್ತೀರ" ಅಂದ. ಸೊಸೆ ಬೆರಗಾದಳು. ನಾಲಿಗೆ ನಂಬಬಹುದು ಎಂದು ನಾನು ಮೊದಲೇ ಹೇಳಲಿಲ್ಲವೇ?

ಹೀಗೆ ಮೂರು ಪಕ್ಷ ಕಳೆದವು. ಪ್ರತಿ ವರ್ಷವೂ ಅಜ್ಜಿ ಎಲೆಯ ಮುಂದೆ ಕೂತು ಮಗನ ಮುಖ ನೋಡುತ್ತಿದ್ದಳು. ಮಾವ ತಲೆ ಅಲ್ಲಾಡಿಸುತ್ತಿದ್ದ. ಅಜ್ಜಿ ಕುಗ್ಗುತ್ತ ಬಂದಳು. ಎದ್ದರೆ ಗೋಡೆ ಹಿಡಿಯಬೇಕು, ಕೂತರೆ ನಾವು ಹಿಡಿಯಬೇಕು. ಮಾವನ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೂ ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಅವನ ಚಪ್ಪಲಿ ಸದ್ದಾದರೆ, ದೇವರೇ, ಮಲಗಿರುವ ಹಾಗೆ ನಟಿಸಿ ಗೋಡೆ ಕಡೆ ತಿರುಗುತ್ತಿದ್ದೆ.

ಕೊನೆಗೆ ಸಿಕ್ಕಿದ್ದು ನನಗೇ, ಅದೂ ಕೂತಲ್ಲೇ. ಒಂದು ಮಧ್ಯಾಹ್ನ ಮಕ್ಕಳು ಬಿಸಿಯೂಟಕ್ಕೆ ಹೋಗಿದ್ದಾಗ ಮೊಬೈಲ್ ತೆಗೆದು, ಆ ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಇಟ್ಟಿರುವ ಹೊರದೇಶದ ಒಂದು ಪಟ್ಟಿಯಲ್ಲಿ ಹುಡುಕುತ್ತಿದ್ದೆ. ಹುಡುಕಿ ಹುಡುಕಿ ಬೇಸತ್ತಿದ್ದೆ. ಅವನ ಹೆಸರಿನವರೇ ನೂರಾರು ಜನ. ಅವತ್ತು ಹೆಸರಿನ ಕೆಳಗೆ ಅವನ ಅಪ್ಪನ ಹೆಸರು ಬಂತು. ಹೆಂಡತಿಯ ಹೆಸರು ಬಂತು. ಸಿದ್ದಾಪುರ, ಮೈಸೂರು ಅಂತ ಬಂತು. ಸಮಾಧಿ ಇಲ್ಲ, ಬರ್ಮಾದಲ್ಲಿ ಸಮಾಧಿ ಇಲ್ಲದವರ ಹೆಸರು ಕೆತ್ತಿರುವ ಕಲ್ಲಿನ ಮೇಲೆ ಇವನದೂ ಇದೆ. ಆಮೇಲೆ ಹುದ್ದೆಯ ಜಾಗ ನೋಡಿದೆ. ಒಂದೇ ಪದ ಇತ್ತು: ಕುಕ್.

ಎರಡು ದಿನ ಯಾರಿಗೂ ಹೇಳಲಿಲ್ಲ. ಎಂಬತ್ತು ವರ್ಷ ಅಜ್ಜಿ ಆ ಕೋವಿಯನ್ನು ಹೆಗಲ ಮೇಲಿಟ್ಟುಕೊಂಡು ಬದುಕಿದವಳು. ಅದನ್ನು ಇಳಿಸುವುದು ಹೇಗೆ? ಮೂರನೇ ದಿನ ತಡೆಯಲಾರದೆ ಮಾವನನ್ನು ಹೊರಗೆ ಕರೆದು ಹೇಳಿದೆ.

"ಅಂದ್ರೆ, ಕೋವಿ?"

"ಇಲ್ಲ ಮಾವ."

"ಸೌಟು?"

"ಸೌಟು."

ಮಾವ ಜೇಬಿನಿಂದ ಶೇಂಗಾ ತೆಗೆದು ಒಂದೊಂದೇ ಅಗಿಯುತ್ತ ಕೂತ. ಜೇಬು ಖಾಲಿಯಾದ ಮೇಲೆ ಮುಖ ಅರಳಿತು. "ಅಲ್ಲ ಕಣೇ, ಅಡುಗೆಯೋನು ಅಂದ್ರೆ ತನಗಿಷ್ಟದ್ದೇ ಮಾಡ್ಕಂಡು ತಿಂದಿರ್ತಾನಲ್ವಾ? ಮಿಲಿಟ್ರಿ ಅಡುಗೆ ಏನಂತ ಗೊತ್ತಾದ್ರೆ ಆಯ್ತು. ನಡಿ, ಸ್ಕೂಟರ್ ತಗಿ."

ನಮ್ಮೂರಿನ ಹತ್ತಿರದ ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿ ಹೊಸದಾಗಿ ಎದ್ದಿರುವ ಸಂಶೋಧನಾ ಕಟ್ಟಡಗಳಲ್ಲಿ ಒಂದರ ಗೇಟಿನಲ್ಲಿ ಮಾಜಿ ಸೈನಿಕರೊಬ್ಬರು ಕಾವಲಿಗಿದ್ದಾರೆ. ಮಾವನಿಗೆ ಬಸ್ಸಿನಲ್ಲಿ ಪರಿಚಯ. ನಾವು ಹೋದಾಗ ಅವರು ಒಳಗೆಲ್ಲೋ ಹೋಗಿದ್ದರು. ಗೇಟಿನಲ್ಲಿದ್ದ ಇನ್ನೊಬ್ಬ, ರಿಜಿಸ್ಟರಿನಲ್ಲಿ ಬಂದ ಕಾರಣ ಬರೆಯಿರಿ ಎಂದ. ಮಾವ ದಪ್ಪಕ್ಷರದಲ್ಲಿ "ಅಡುಗೆ ವಿಚಾರ" ಎಂದು ಬರೆದ. ಅವನು ಓದಿ, "ಕ್ಯಾಂಟೀನ್ ಕೆಲಸಕ್ಕಾ? ಇಬ್ರೂನಾ? ಮೇಡಂ ಪಾತ್ರೆ ತೊಳಿತಾರಾ?" ಎಂದು ಕೇಳಿದ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು. ಆದರೆ ಆ ಬಿಸಿಲಿಗೆ, ತೊಳೆಯುತ್ತೇನೆ ಒಳಗೆ ನೆರಳಿಗೆ ಬಿಡಪ್ಪ ಎನ್ನುವ ಹಾಗಾಗಿತ್ತು.

ಮಾಜಿ ಸೈನಿಕರು ಬಂದರು. ಮಾವನ ಮಾತು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ನಮ್ಮ ಕಥೆ ಕೇಳಿ ನಗದ ಮೊದಲ ಮನುಷ್ಯ ಅವರೇ.

"ಅಡುಗೆಯೋನಿಗೆ ನಾವು ಲಾಂಗ್ರಿ ಅಂತೀವಿ. ಸಣ್ಣ ಕೆಲ್ಸ ಅಂತ ತಿಳಿಬ್ಯಾಡಣ್ಣ. ನೂರಾರು ಜನಕ್ಕೆ ಬೇಯಿಸಬೇಕು. ಗುಂಡು ಬೀಳ್ತಿದ್ರೆ ಎಲ್ರೂ ಗುಂಡಿಯಾಗೆ ಇಳಿತಾರೆ, ಅವನು ಒಲೆ ಬಿಟ್ಟು ಹೋಗಂಗಿಲ್ಲ. ಹೊಗೆ ಎದ್ರೆ ಮ್ಯಾಲಿಂದ ವಿಮಾನಕ್ಕೆ ಕಾಣ್ತೈತೆ. ಹಂಗೇ ಎಷ್ಟೋ ಜನ ಹೋಗವ್ರೆ."

ಮಾವ ಬಹಳ ಮೆಲ್ಲಗೆ ಕೇಳಿದ, "ಅವನು ಏನು ಉಣ್ತಿದ್ದ?"

"ಉಳಿದಿದ್ದು. ಎಲ್ರುದೂ ಆದ್ಮೇಲೆ, ನಿಂತ್ಕಂಡು."

"ಅವನಿಗೆ ಇಷ್ಟದ್ದು ಅಂತ?"

"ಇಷ್ಟ ಕೇಳಾಕೆ ಲಾಂಗ್ರಿಗೆ ಬಡಿಸೋರು ಯಾರಿರ್ತಾರಣ್ಣ? ಎಲ್ರಿಗೂ ಬಡಿಸೋನೇ ಅವನು."

ವಾಪಸು ಬರುವಾಗ ಸ್ಕೂಟರಿನ ಹಿಂದೆ ಮಾವ ಒಂದು ಮಾತೂ ಆಡಲಿಲ್ಲ. ನಾಲ್ಕು ವರ್ಷದಲ್ಲಿ ಅದೇ ಮೊದಲು. ಸುಮ್ಮನಿರು ಮಾವ ಎಂದು ಸಾವಿರ ಸಲ ಬೇಡಿಕೊಂಡವಳು ನಾನು. ಅವತ್ತು ಅವನು ಏನಾದರೂ ಮಾತಾಡಲಿ ಎಂದು ಕನ್ನಡಿಯಲ್ಲಿ ನೋಡುತ್ತಿದ್ದೆ.

ಮನೆಗೆ ಬಂದವನೇ ನೆಟ್ಟಗೆ ಅಜ್ಜಿಯ ಹತ್ತಿರ ಹೋಗಿ ಕೂತ. ಮುಚ್ಚಿಡುವುದು ಅವನಿಗೆ ಬರುವುದಿಲ್ಲ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಪೂರ್ತಿ ಹೇಳಿದ.

"ಕೋವಿ ಇರ್ಲಿಲ್ವಾ?"

"ಇರ್ಲಿಲ್ಲವ್ವ. ಅಡುಗೆ ಮಾಡ್ತಿದ್ದ."

ಅಜ್ಜಿ ಒಂದೊಂದೇ ಹಣ್ಣು ಎತ್ತಿ ಬೀಜ ತೆಗೆದು ಪಕ್ಕಕ್ಕಿಡುತ್ತ ಹೋದಳು. ಅತ್ತೆ ನನ್ನನ್ನು ಕಣ್ಣಲ್ಲೇ ಬೈದರು, ಹೇಳಲೇಬೇಕಿತ್ತಾ ಅಂತ. ಬುಟ್ಟಿ ಖಾಲಿಯಾದ ಮೇಲೆ ಅಜ್ಜಿ ಕೈ ಒರೆಸಿಕೊಂಡು ಕೇಳಿದಳು.

"ಅಷ್ಟು ಜನಕ್ಕೆ ಬಡ್ಸಿ, ಆಮೇಲೆ ಅವ್ರಿಗೆ ಯಾರು ಬಡುಸ್ತಿದ್ರು?"

"ಯಾರೂ ಇಲ್ಲವ್ವ."

ಅಜ್ಜಿ ಖಾಲಿ ಬುಟ್ಟಿಯನ್ನು ಮಗುಚಿಟ್ಟಳು.

ಪಕ್ಷದ ದಿನ ಬಂತು. ಎಲೆಗಳನ್ನು ಹಾಸಿದ್ದಾಯಿತು. ಮಂಡಕ್ಕಿ, ಬೋಂಡಾ, ಎಲೆ ಅಡಿಕೆ, ಬೀಡಿ, ಎಲ್ಲ ಅವರವರ ಜಾಗಕ್ಕೆ ಬಂದವು. ಮಾವ ಮಿಲಿಟ್ರಿ ಅಜ್ಜನ ಎಲೆಯ ಮುಂದೆ ಬರಿಗೈಯಲ್ಲಿ ನಿಂತಿದ್ದ. "ಎಲ್ಲಾ ಕಡೆ ಹುಡುಕ್ದೆ ಕಣವ್ವ. ಏನು ಇಷ್ಟ ಅಂತ ಮಾತ್ರ ಸಿಗ್ಲಿಲ್ಲ" ಎಂದ. ಇಷ್ಟು ದಿನ ನಾನು ಶಾಪ ಹಾಕುತ್ತ ಅವನ ಹಿಂದೆ ಅಲೆದಿದ್ದೆ. ಅವನು ಸೋಲುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ ಎಂದು ಆಗ ಗೊತ್ತಾಯಿತು.

ಅತ್ತೆ ಧೂಪ ಹಾಕಿದರು. ಎಲ್ಲರೂ ಹೊರಗೆ ಬಂದೆವು. ಅಜ್ಜಿ ಬರಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ಮಿಲಿಟ್ರಿ ಅಜ್ಜನ ಎಲೆಯ ಎದುರಿಗೆ ಕೂತಳು. ಅನ್ನದ ಪಾತ್ರೆ, ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡಳು.

"ಅವ್ವ, ಏಳು. ನೀನು ಒಳಗಿದ್ರೆ ಹಿರಿಯರು ಬರಲ್ಲ."

"ನೀವು ಹೋಗಿ ಬಾಗ್ಲು ಹಾಕ್ಕಳ್ರಿ."

"ಹಂಗೆ ಮಾಡಬಾರ್ದವ್ವ, ಪದ್ಧತಿ ಅಲ್ಲ."

"ಬಡ್ಸಾಕೆ ಒಬ್ರು ಬ್ಯಾಡ್ವೇನೋ?"

ಮಾವ ಹೊಸ್ತಿಲಿಂದ ಕಾಲು ಹಿಂದಕ್ಕೆ ತೆಗೆದ. ಆಮೇಲೆ ಬಾಗಿಲು ಮುಂದಕ್ಕೆಳೆದ. ಹೊರಗೆ ಬಿಸಿಲು ಇತ್ತು. ಪಕ್ಕದ ಮನೆಗಳಲ್ಲೂ ಜನ ಬಾಗಿಲು ಹಾಕಿಕೊಂಡು ಹೊರಗೆ ನಿಂತಿದ್ದರು. ಒಳಗಿನಿಂದ ಸೌಟು ಪಾತ್ರೆಗೆ ತಗುಲಿದ ಸದ್ದು ಕೇಳಿಸಿತು. ಆಮೇಲೆ ಅಜ್ಜಿಯ ದನಿ.

"ಅಪ್ಪಾ, ಇನ್ನೊಂದು ಚೂರು ಹಾಕ್ಲಾ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಪದ ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಯಾರನ್ನು ಕರೆದಿರುತ್ತಾಳೆ? ಹುಟ್ಟಿದಾಗಿನಿಂದ ಆ ಮಾತಿಗೆ ಓ ಅನ್ನುವವರೇ ಇರಲಿಲ್ಲ ಅವಳಿಗೆ.

"ಬ್ಯಾಡ ಅನ್ಬ್ಯಾಡ. ಕುಂತ್ಕಂಡು ನಿಧಾನಕ್ಕೆ ಉಣ್ಣು. ಸಾರು ಹಾಕ್ತೀನಿ ಇರು, ಅಪ್ಪಾ."

ಪಕ್ಕದ ಮನೆಯವರು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದರು. ಎದುರು ಮನೆಯವರೂ ಹೋದರು. ನಮ್ಮದೂ ಹೊತ್ತಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲು ತಟ್ಟಲು ಕೈ ಎತ್ತಿದರು. ಮಾವ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ.

"ಇರೇ. ಇನ್ನೂ ಉಣ್ತಾ ಅವ್ನೆ."